ತೂಕದ ಯಂತ್ರದವರಿಗೆ, ಉಂಡೆಯ ವಿಷಯವಾಗಿ

ಪಶುವೈದ್ಯರ ಕೋಣೆಯ ಬಾಗಿಲಿಗೆ ಎಡಗಡೆ, ಗೋಡೆಗೆ ಬೆನ್ನು ಕೊಟ್ಟು, ನಾಲ್ಕು ಕಾಲಿನ ರೋಗಿಗಳಿಗೆ ಅನುಕೂಲವಾಗಲೆಂದು ನೆಲಮಟ್ಟದಲ್ಲೇ ವಿರಾಜಮಾನರಾಗಿರುವ ತೂಕದ ಯಂತ್ರದವರ ಸನ್ನಿಧಾನಕ್ಕೆ, ಎದುರಿನ ಬೆಂಚಿನ ಮೇಲೆ ಕುಳಿತ ದರ್ಜಿಯ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ತಮ್ಮ ತಟ್ಟೆಗೆ ತುಕ್ಕು ಹಿಡಿಯದಿರಲಿ, ತಮ್ಮ ಕೆಂಪು ಅಂಕಿಗಳು ಸದಾ ಬೆಳಗುತ್ತಿರಲಿ, ತಮ್ಮ ಬ್ಯಾಟರಿ ನೂರು ಕಾಲ ಬಾಳಲಿ ಎಂದು ಹಾರೈಸಿ ವಿಷಯಕ್ಕೆ ಬರುತ್ತೇನೆ. ಒಳಗೆ ನಮ್ಮ ನಾಯಿ ಉಂಡೆಯ ಹಿಂಗಾಲಿಗೆ ಆಪರೇಷನ್ ನಡೆಯುತ್ತಿದೆ. ಎರಡು ಗಂಟೆ ಹಿಡಿಯುತ್ತದೆ ಎಂದಿದ್ದಾರೆ, ಇನ್ನೂ ಮುಕ್ಕಾಲು ಗಂಟೆಯಷ್ಟೇ ಕಳೆದಿದೆ. ಕೈಯಲ್ಲಿ ಸೂಜಿದಾರವಿಲ್ಲದೆ ಇಷ್ಟು ಹೊತ್ತು ಕುಳಿತು ನನಗೆ ಅಭ್ಯಾಸವಿಲ್ಲವಾದ್ದರಿಂದ, ಅಂಗಡಿಯ ಆರ್ಡರ್ ಪುಸ್ತಕದಿಂದ ಹಾಳೆ ಹರಿದು ತಮ್ಮ ಮೇಲೊಂದು ದೂರು ಬರೆದು, ಬಂದವರೆಲ್ಲ ಓದಲೆಂದು ತಮ್ಮ ನೆತ್ತಿಯ ಮೇಲಿರುವ ಸೂಚನಾ ಫಲಕಕ್ಕೇ ಚುಚ್ಚಿ ಹೋಗಲು ತೀರ್ಮಾನಿಸಿದ್ದೇನೆ. ದೂರು ಬಹಳ ಸಣ್ಣದು. ತಮಗೆ ಸುಳ್ಳು ಹೇಳಲು ಬರುವುದಿಲ್ಲ.

ಉಂಡೆಯ ಪರಿಚಯ ತಮಗೆ ಅಂಕಿಯ ರೂಪದಲ್ಲಿ ಮಾತ್ರ ಇದೆ. ಒಂಬತ್ತು ವರ್ಷದ ಹಿಂದೆ, ದಾರದ ಉಂಡೆಗಿಂತ ತುಸುವೇ ದೊಡ್ಡ ಮರಿಯಾಗಿ ನಮ್ಮ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದು, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿಗಳ ರಾಶಿಯಲ್ಲಿ ಮಲಗಿದವನು, ಆಮೇಲೆ ಎದ್ದದ್ದು ಊಟಕ್ಕೆ ಮತ್ತು ಗಿರಾಕಿಗಳ ಕಾಲು ಮೂಸುವುದಕ್ಕೆ. ಮೈತುಂಬ ಜೊಂಪೆ ಜೊಂಪೆ ಕೂದಲಿರುವುದರಿಂದ ನಾಯಿ ಎಲ್ಲಿ ಮುಗಿದು ಕೂದಲು ಎಲ್ಲಿ ಶುರುವಾಗುತ್ತದೆ ಎಂಬುದು ಟೇಪು ಹಿಡಿದವನಿಗಷ್ಟೇ ಗೊತ್ತಾಗುತ್ತದೆ. ಡಾಕ್ಟರಿಗೂ ಅದು ಕಣ್ಣಿಗೆ ಕಾಣದ ಕಾರಣ, ಅವರು ಪೂರ್ತಿಯಾಗಿ ತಮ್ಮ ಅಂಕಿಯನ್ನೇ ನಂಬಿದ್ದರು.

ಇನ್ನು ನನ್ನ ಕಸುಬಿನ ಮರ್ಯಾದೆಯನ್ನು ತಮಗೆ ವಿವರಿಸಬೇಕು. ಮೂವತ್ತು ವರ್ಷದಲ್ಲಿ ನಾನು ಯಾವ ಗಿರಾಕಿಗೂ ನೀವು ದಪ್ಪಗಾಗಿದ್ದೀರಿ ಎಂದು ಹೇಳಿದವನಲ್ಲ. ಹೋದ ವರ್ಷದ ಪ್ಯಾಂಟು ಸೊಂಟ ದಾಟುತ್ತಿಲ್ಲ ಎಂದು ಬಂದವರಿಗೆ, ಬಟ್ಟೆ ಕುಗ್ಗಿದೆ ಎನ್ನುತ್ತೇನೆ. ನೀರು, ಸಾಬೂನು, ಇಸ್ತ್ರಿ, ಹವೆ, ಯಾರು ಬೇಕಾದರೂ ತಪ್ಪಿತಸ್ಥರಾಗಬಹುದು. ಗಿರಾಕಿಯ ಹೊಟ್ಟೆಯೊಂದು ಮಾತ್ರ ನಿರಪರಾಧಿ. ಮುಂದೆ ಬೇಕಾದೀತೆಂದು ಹೊಲಿಗೆಯ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಸಡಿಲಿಸಿ, ಟೇಪಿನ ಅಂಕಿಯನ್ನು ಬಾಯಿ ಬಿಟ್ಟು ಓದದೆ ಪುಸ್ತಕದಲ್ಲಿ ಗೀಚಿ ಮುಚ್ಚಿಡುತ್ತೇನೆ. ತಾವಾದರೋ ಅಂಗೈಯಗಲದ ಕೆಂಪು ಅಂಕಿಯನ್ನು, ಬುಟ್ಟಿಯೊಳಗಿನ ಬೆಕ್ಕುಗಳಿಗೂ ಕಾಣುವಂತೆ, ಮೇಲೊಂದು ಕುಂಯ್ ಎಂಬ ಸದ್ದನ್ನೂ ಸೇರಿಸಿ ಪ್ರಕಟಿಸುತ್ತೀರಿ. ನಮ್ಮ ಅಂಗಡಿಯಲ್ಲಿ ತಾವು ಕೆಲಸಕ್ಕಿದ್ದಿದ್ದರೆ ಸಂಜೆಯೊಳಗೆ ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋಗಿರುತ್ತಿದ್ದರು.

ಹನ್ನೊಂದು ವಾರದ ಹಿಂದೆ ಉಂಡೆಯ ಬಲ ಹಿಂಗಾಲಿನ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಕಿತ್ತುಹೋಯಿತು. ಮೂರು ಮೆಟ್ಟಿಲು ಅವನಿಗೆ ಮೂರು ಬೆಟ್ಟವಾದವು. ಆಪರೇಷನ್ ಮಾಡಬೇಕು, ಆದರೆ ಈ ವಯಸ್ಸಿಗೆ ಈ ತೂಕದಲ್ಲಿ ಅರಿವಳಿಕೆ ಕೊಟ್ಟರೆ ಹೃದಯ ತಡೆಯಲಿಕ್ಕಿಲ್ಲ, ಮೊದಲು ಮೈ ಇಳಿಯಬೇಕು ಎಂದರು ಡಾಕ್ಟರು. ಉಂಡೆಗೆ ತಮ್ಮ ತಣ್ಣನೆಯ ತಟ್ಟೆ ಕಂಡರೆ ಜೀವ ಹೋದಷ್ಟು ಭಯ. ಆದ್ದರಿಂದ ನಾನೇ ಅವನನ್ನು ಎತ್ತಿಕೊಂಡು ತಮ್ಮ ಮೇಲೆ ನಿಂತೆ. ನೂರಾ ಆರು ಎಂದಿರಿ. ಇಲ್ಲಿ ರೋಗಿಗಳ ಕಾರ್ಡು ಬರೆಯುವ ಅಕ್ಕ ನನ್ನ ತೂಕ ಕೇಳಿದರು, ನಾನು ತಡವರಿಸದೆ ಎಪ್ಪತ್ತು ಎಂದೆ. ಉಳಿದ ಮೂವತ್ತಾರು ಉಂಡೆಯ ಹೆಸರಿಗೆ ಕಾರ್ಡು ಸೇರಿತು. ಅದು ಮೂವತ್ತಕ್ಕೆ ಇಳಿದ ದಿನವೇ ಆಪರೇಷನ್ ಎಂದು ಡಾಕ್ಟರು ಹೇಳಿ, ಪ್ರತಿ ಮಂಗಳವಾರ ಬಂದು ತೂಗಿಸುವಂತೆ ಅಪ್ಪಣೆ ಕೊಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾನೂನು ಜಾರಿಗೆ ಬಂತು. ಉಂಡೆಗೆ ಅಳೆದ ಊಟ ಎರಡು ಹೊತ್ತು, ನಡುವೆ ಬೇಯಿಸಿದ ಕ್ಯಾರೆಟ್ಟು. ಬಿಸ್ಕತ್ತಿನ ಡಬ್ಬಿಗೆ ಬೀಗ ಬಿತ್ತು, ಬೀಗದ ಕೈ ನನ್ನ ಸೊಂಟ ಸೇರಿತು. ಅವನಿಗೆ ಹಿಂದೆ ಸಲ್ಲುತ್ತಿದ್ದ ಬ್ರೆಡ್ಡಿನ ಅಂಚು, ಮೊಟ್ಟೆಯ ಅರ್ಧ, ಹಾಲಿನ ಕೆನೆ, ಸಂಜೆಯ ನಾಲ್ಕು ಬಿಸ್ಕತ್ತು ಇವೆಲ್ಲ ಕಣ್ಣೆದುರು ಇದ್ದರೆ ಮೂಕಪ್ರಾಣಿಗೆ ಸಂಕಟವಾದೀತೆಂದು, ಎಸೆದರೆ ದಂಡವಾದೀತೆಂದು, ಮನೆಯ ಯಜಮಾನನಾದ ನಾನು ಅವನ್ನು ಇಲ್ಲವಾಗಿಸುವ ಹೊಣೆಯನ್ನು ಸದ್ದಿಲ್ಲದೆ ಹೊತ್ತುಕೊಂಡೆ. ಅದನ್ನು ತ್ಯಾಗವೆಂದೇ ನಾನು ತಿಳಿದಿದ್ದೆ.

ತಾವು ಎರಡನೇ ಮಂಗಳವಾರವೂ ನೂರಾ ಆರು ಎಂದಿರಿ. ಐದನೆಯದಕ್ಕೂ ನೂರಾ ಆರು. ಎಂಟನೆಯದಕ್ಕೂ ಅದೇ. ಹಿಡಿದ ಮಾತು ಬಿಡದ ಇಂಥ ಸತ್ಯಸಂಧರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ನೆಲ ಬಾಗಿ ನೋಡಿದೆ, ತಮ್ಮ ಅಡಿಯಲ್ಲಿ ರಟ್ಟಿನ ತುಂಡಿಟ್ಟು ಮಟ್ಟ ಮಾಡಿದೆ, ತಮ್ಮ ಪಕ್ಕೆಗೆ ಎರಡು ಏಟನ್ನೂ ಕೊಟ್ಟೆ. ಅದಕ್ಕಾಗಿ ಈ ಮೂಲಕ ಕ್ಷಮೆ ಕೋರುತ್ತೇನೆ.

ಯಂತ್ರ ಸರಿಯಿದ್ದರೆ ಮನೆಯಲ್ಲೇ ಕಳ್ಳರಿರಬೇಕಲ್ಲ? ಗುಂಡಿಗಳಿಗೆ ಕಾಜ ಹಾಕುವ ನನ್ನ ಹೆಂಡತಿಗೆ ಬಿಡುವಿಲ್ಲ. ಆದ್ದರಿಂದ ನನ್ನ ಗುಮಾನಿ ನಮ್ಮ ಜೊತೆಗೇ ಇರುವ ನಮ್ಮ ಅತ್ತೆಯವರ ಮೇಲೆ ಹೋಯಿತು. ಮಧ್ಯಾಹ್ನವೆಲ್ಲ ಉಂಡೆಯ ಪಕ್ಕ ಕುಳಿತು ಅವನ ಕಾಲು ನೀವುತ್ತಿದ್ದವರು ಅವರೊಬ್ಬರೇ. ಎಂಟನೇ ವಾರ ನಾನು, ಹೇಳಲು ನಾಚಿಕೆಯಾಗುತ್ತದೆ, ಅವರ ಕೈಚೀಲ ತಡಕಿದೆ. ಸಿಕ್ಕಿದ್ದು ಕನ್ನಡಕದ ಡಬ್ಬಿ ಮತ್ತು ನಾಯಿಯ ಕೂದಲು ಸಿಕ್ಕಿಕೊಂಡಿದ್ದ ಒಂದು ಬಾಚಣಿಗೆ. ಅಷ್ಟರಲ್ಲಿ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಮರುದಿನದಿಂದ ನನ್ನೊಡನೆ ಮಾತು ನಿಲ್ಲಿಸಿದರು, ಅಂಗಡಿಗೆ ಬಂದು ಕೂರುವುದನ್ನೂ ನಿಲ್ಲಿಸಿದರು. ಉಂಡೆ ಮಧ್ಯಾಹ್ನವೆಲ್ಲ ಬಾಗಿಲ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಹತ್ತನೇ ಮಂಗಳವಾರ ಶಾಲೆಯ ಸಮವಸ್ತ್ರದ ಕೆಲಸ ಕುತ್ತಿಗೆಗೆ ಬಂದು ನನಗೆ ಏಳಲಾಗಲಿಲ್ಲ. ಉಂಡೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಅತ್ತೆಯವರೇ ಬಂದರು. ಎತ್ತುವ ಶಕ್ತಿ ಅವರಿಗಿಲ್ಲ. ಮೇಜಿನ ಕೆಳಗೆ ಅವನು ಮಲಗುವ ಹಳೆಯ ಚಾಪೆಯನ್ನು ಸುತ್ತಿ ತಂದಿದ್ದವರು, ಅದನ್ನು ತಮ್ಮ ತಟ್ಟೆಯ ಮೇಲೆ ಹಾಸಿದರಂತೆ. ತನ್ನ ವಾಸನೆ ಹಿಡಿದ ಉಂಡೆ ಕುಂಟುತ್ತ ಬಂದು ತಾನೇ ತಾನಾಗಿ ಮಲಗಿದನಂತೆ. ಚಾಪೆಯ ಭಾರ ಕಳೆದು ತಾವು ಇಪ್ಪತ್ತೊಂಬತ್ತು ಎಂದಿರಿ. ಕಾರ್ಡಿನ ಅಕ್ಕ ಗಾಬರಿಯಾಗಿ ಡಾಕ್ಟರನ್ನು ಕರೆದು, ಯಂತ್ರ ಕೆಟ್ಟಿದೆ ಎಂದರಂತೆ. ಆಗ ಅತ್ತೆಯವರು ಹೇಳಿದ ಮಾತನ್ನು ಅಕ್ಕ ನನಗೆ ಅಕ್ಷರ ಬಿಡದೆ ತಿಳಿಸಿದ್ದಾರೆ:

“ಯಂತ್ರಕ್ಕೇನೂ ಆಗಿಲ್ಲಮ್ಮ. ನಮ್ಮ ಅಳಿಯಂದಿರನ್ನ ಕರೆಸಿ, ಅವರೊಬ್ಬರನ್ನೇ ಇದರ ಮೇಲೆ ನಿಲ್ಲಿಸು.”

ಫೋನು ಬಂತು. ಕುತ್ತಿಗೆಯಲ್ಲಿ ಟೇಪು, ಕಂಕುಳಲ್ಲಿ ಆರ್ಡರ್ ಪುಸ್ತಕ ಇದ್ದ ಹಾಗೇ ಓಡಿ ಬಂದು ತಮ್ಮ ಮೇಲೆ ನಿಂತೆ. ಎಪ್ಪತ್ತೇಳು. ಕುಂಯ್.

ಮಾನ್ಯರೇ, ಆ ಎಪ್ಪತ್ತು ನನ್ನ ಮದುವೆಯ ವರ್ಷದ ತೂಕ. ಅದನ್ನು ನಾನು ಯಾರನ್ನೂ ಮೋಸಗೊಳಿಸಲು ಹೇಳಿರಲಿಲ್ಲ. ಕಸುಬಿನ ಮರ್ಯಾದೆಯನ್ನು ನನಗೆ ನಾನೇ ತೋರಿಸಿಕೊಂಡಿದ್ದೆ, ಅಷ್ಟೇ. ಈ ಹತ್ತು ವಾರದಲ್ಲಿ ನನ್ನ ಪ್ಯಾಂಟನ್ನು ಎರಡು ಸಲ ಬಿಚ್ಚಿ ಸಡಿಲಿಸಿದ್ದೆ, ಎರಡು ಸಲವೂ ಬಟ್ಟೆ ಕುಗ್ಗಿದೆ ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿಕೊಂಡೂ ಇದ್ದೆ. ಉಂಡೆ ಇಳಿಸಿದ ಒಂದೊಂದು ಕಿಲೋವನ್ನೂ ನಾನು ನೆಲಕ್ಕೆ ಬೀಳಲು ಬಿಡದೆ ಹಿಡಿದುಕೊಂಡಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ, ಮೇಯ್ದ ಬೇಲಿ ಅತ್ತೆಯವರ ಕೈಚೀಲವನ್ನೂ ತಡಕಿತ್ತು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹಿಂಭಾಗವನ್ನು ಎತ್ತಿಹಿಡಿಯಲು ಪಟ್ಟಿಯಿರುವ ಒಂದು ಅಂಗಿಯನ್ನು ಉಂಡೆಗೆ ನಾನೇ ಹೊಲಿದಿದ್ದೆ. ಅದು ವಾರವಾರವೂ ಸಡಿಲವಾಗುತ್ತಿತ್ತು. ನಾನು ಸೋಮವಾರ ಅವನ ಎದೆ, ಹೊಟ್ಟೆ ಅಳೆದು, ಪುಸ್ತಕದಲ್ಲಿ ಬರೆದು, ಬಟ್ಟೆ ಹಿಗ್ಗಿದೆ ಎಂದುಕೊಂಡು ಒಳಕ್ಕೆ ಹಿಡಿದು ಹೊಲಿಯುತ್ತಿದ್ದೆ. ಅಂದು ಡಾಕ್ಟರು ಆ ಪುಸ್ತಕ ಕೇಳಿ ತೆಗೆದುಕೊಂಡು ಸೋಮವಾರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. “ಆಪರೇಷನ್ನ ಹೋದ ತಿಂಗಳೇ ಮಾಡಬಹುದಿತ್ತಲ್ಲ,” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ತಿಂಗಳು ಅವನು ನನ್ನ ದೆಸೆಯಿಂದ ಕುಂಟಿದ. ಆ ಮೂರು ಮೆಟ್ಟಿಲ ಕೆಳಗೆ ನಿಂತು, ನಾನು ಬಂದು ಎತ್ತಲಿ ಎಂದು ಬಾಲ ಅಲ್ಲಾಡಿಸುತ್ತ ಕಾಯುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನು ನಾನು, ಮತ್ತು ಆ ಎಮ್ಮೆ ಪ್ರತಿ ದಿನ ನನ್ನ ಕೈ ನೆಕ್ಕಿತು.

ಆದಕಾರಣ ತಮ್ಮಲ್ಲಿ ನನ್ನ ಕೆಲವು ಅರಿಕೆಗಳಿವೆ. ಮುಂದೆ ನನ್ನಂಥವರು ನಾಯಿ ಹೊತ್ತು ನಿಂತಾಗ, ಯಾರ ತೂಕ ಯಾರದೆಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ, ಅಂಕಿ ತೋರಿಸುವ ಮೊದಲು ಒಮ್ಮೆ ಕೆಮ್ಮಿ, ನಮ್ಮ ತೂಕ ಯಾವ ವರ್ಷದ್ದೆಂದು ಮೆಲ್ಲಗೆ ವಿಚಾರಿಸಬೇಕು. ಅದೂ ಆಗದಿದ್ದರೆ ತರಕಾರಿ ಅಂಗಡಿಗೆ ವರ್ಗ ಮಾಡಿಸಿಕೊಳ್ಳಿ. ಅಲ್ಲಿ ತಮ್ಮ ದಾಯಾದಿಗಳು ಎಂಥ ದಾಕ್ಷಿಣ್ಯವಂತರೆಂದು ನೋಡಿ ಕಲಿಯಬಹುದು. ಮತ್ತೆ, ಸಾಧ್ಯವಾದರೆ, ಈಗ ಆ ಬಾಗಿಲಿನ ಒಳಗೆ ಏನಾಗುತ್ತಿದೆ ಎಂಬುದನ್ನು ಆ ಕೆಂಪು ಅಂಕಿಗಳಲ್ಲಿ ನನಗೆ ತಿಳಿಸಿ. ಎರಡು ಗಂಟೆ ತುಂಬಿ ಹತ್ತು ನಿಮಿಷವಾಯಿತು. ತಾವು ಹೇಳುವುದಾದರೆ ನಂಬುತ್ತೇನೆ.

ಬೆಂಚಿನ ಆ ತುದಿಯಲ್ಲಿ ಅತ್ತೆಯವರು ಕುಳಿತಿದ್ದಾರೆ, ಮಡಿಲಲ್ಲಿ ಅದೇ ಚಾಪೆ. ನಾನು ವಾರದ ಹಿಂದೆಯೇ ತಪ್ಪಾಯಿತೆಂದು ಹೇಳಿದ್ದೇನೆ. ಅವರು ಇನ್ನೂ ಮಾತಾಡಿಲ್ಲ. ಆದರೆ ಈಗತಾನೆ ಚಾಪೆಯ ಒಂದು ಕೊನೆಯನ್ನು ನನ್ನ ಕಡೆಗೆ ಸರಿಸಿ, ಹಿಡಿದುಕೊಳ್ಳುವಂತೆ ಕಣ್ಣಲ್ಲೇ ಹೇಳಿದರು. ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಎಪ್ಪತ್ತೇಳು ಕಿಲೋಗಳಷ್ಟೂ ತಮ್ಮ ವಿಶ್ವಾಸಿ,
ಮೂರು ಮೆಟ್ಟಿಲ ಅಂಗಡಿಯ ದರ್ಜಿ

ಕೊನೆಗೆ ಸೇರಿಸಿದ ಮಾತು: ಬಾಗಿಲು ತೆರೆಯಿತು. ಉಂಡೆ ಕಣ್ಣು ಬಿಟ್ಟಿದ್ದಾನೆ, ಚಾಪೆ ಮೂಸಿದ್ದಾನೆ. ಡಾಕ್ಟರು ಹೆಮ್ಮೆಯಿಂದ ತಮ್ಮ ಹೊಲಿಗೆ ತೋರಿಸಿದರು. ಹದಿನಾಲ್ಕು ಹೊಲಿಗೆ, ಒಂದೂ ಸಮನಾಗಿಲ್ಲ, ಮುಂದೆ ಬೇಕಾದೀತೆಂದು ಒಳಗೆ ಒಂದಿಷ್ಟೂ ಬಿಟ್ಟಿಲ್ಲ. ಬಹಳ ಚೆನ್ನಾಗಿದೆ ಎಂದೆ. ಬಿಸ್ಕತ್ತಿನ ಡಬ್ಬಿಯ ಬೀಗದ ಕೈಯನ್ನು ಅತ್ತೆಯವರು ಕೈ ಚಾಚಿ ಕೇಳಿ ಪಡೆದರು, ಸುಮಾರು ಮೂರು ವಾರಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತೂ ಅದೇ: “ನಾಯಿಗೋಸ್ಕರ ಅಲ್ಲ.”