ಬ್ಯಾನರಿನ ಮೇಲೆ ನನ್ನ ಮುಖ

ಎಲ್ಲಿ ಕಲೆ ಕಂಡರೂ ಒರೆಸದೆ ಬಿಡದ ಕೈ ನನ್ನದು. ಇಂಥ ಕೈಯಿಂದ ಚಿತ್ರಕಲೆಗೂ ಒಂದು ಸೇವೆ ಸಲ್ಲಲಿ ಎಂದು ಹೊರಟೆ.

ಆಲೂರು ಸಂತೆಯಲ್ಲಿ ನಮ್ಮ ಮಹಿಳಾ ಸಂಘದ ಕಾಫಿಪುಡಿ ಅಂಗಡಿ. ಅದರ ಬ್ಯಾನರಿಗೆ ನನ್ನದೇ ಚಿತ್ರ! ನಮ್ಮೂರು ಪಾಳ್ಯದ ಹೆಂಗಸರಲ್ಲಿ ಬ್ಯಾನರ್ ಏರುವ ಮೊದಲನೆಯವಳು ನಾನೇ ಎಂದು ವಾರವಿಡೀ ಕಾಲು ನೆಲದ ಮೇಲಿರಲಿಲ್ಲ. ಬರೆಯುವವಳು ತಂಗಿಯ ಮಗಳು ಚೈತ್ರ. ಟ್ಯಾಬ್ ಮೇಲೆ ಪೆನ್ನಾಡಿಸಿ ಚಿತ್ರ ಬರೆಯುವುದೇ ಅವಳ ಕಸುಬು.

ಮೊದಲು ಬೂದು ಗೆರೆಯಲ್ಲಿ ಒರಟಾಗಿ ಗೀಚುತ್ತಾಳೆ. ಆಮೇಲೆ ಇದ್ದುದರಲ್ಲೇ ಜೋರಾದ ಬಣ್ಣ ಸುರಿಯುತ್ತಾಳೆ. ಎಮ್ಮೆ ನೇರಳೆ, ಆಕಾಶ ಗುಲಾಬಿ, ನನ್ನ ಮುಖ ಕಿತ್ತಳೆ.

"ನಿಮ್ಮ ದೊಡ್ಡಮ್ಮಂಗೆ ಕಾಮಾಲೆ ಹತ್ತಿದಂಗೈತಲ್ಲೇ" ಎಂದರು ನಮ್ಮ ಯಜಮಾನರು.

"ಬಸ್ಸಲ್ಲಿ ಹೋಗೋರೂ ಕತ್ತು ತಿರುಗಿಸ್ಬೇಕು ದೊಡ್ಡಪ್ಪ. ಸಪ್ಪೆ ಬಣ್ಣ ಹಾಕಿದ್ರೆ ಯಾರ್ ನೋಡ್ತಾರೆ?"

ಮುಖದ ಬಣ್ಣ, ಕಣ್ಣು, ಕುಂಕುಮ, ಹಲ್ಲು, ಒಂದೊಂದೂ ಬೇರೆ ಬೇರೆ ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಪಕ್ಕದ ಪಟ್ಟಿಯಲ್ಲಿ ಪ್ರತಿ ಪದರದ್ದೂ ಒಂದು ಪುಟ್ಟ ಚಿತ್ರ. ಮುಟ್ಟಿದರೆ ಆ ಪದರ ಮಾಯ.

"ಬೂದು ಗೆರೆ ಮರೆ ಮಾಡಿ ಬ್ಯಾನರ್ ಅಂಗಡಿಗೆ ಕಳಿಸೋದೊಂದು ಬಾಕಿ. ಸ್ನಾನ ಮಾಡ್ಕಂಡ್ ಬಂದ್ಬುಟ್ಟೆ" ಎಂದು ಚೈತ್ರ ಎದ್ದು ಹೋದಳು.

ಪಾಪ, ಮಗು ದಣಿದಿದೆ. ನಾನೇ ಪಟ್ಟಿ ತೆರೆದೆ. ಅದು ಹರಡಿಕೊಂಡು ಚಿತ್ರವನ್ನೇ ಮುಚ್ಚಿತು. ಬೂದು ಗೆರೆಯನ್ನು ಮರೆ ಮಾಡಿದೆ. ಅದರ ಕೆಳಗೆ ಸಾಂಬಾರು ಚೆಲ್ಲಿದಂಥ ಕಿತ್ತಳೆ ಕಲೆಯೊಂದಿತ್ತು. ಅದನ್ನೂ ಒರೆಸಿದೆ. ಕಳಿಸಿಯೂಬಿಟ್ಟೆ.

"ಎಲ್ಲಾ ನೀಟು ಮಾಡಿ ಕಳಿಸಿದೀನಿ ಕಣೇ" ಎಂದೆ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ನನ್ನನ್ನು ನಂಬಿ ಊರಿಗೆ ಹೊರಟಳು.

ಸಂತೆಯ ದಿನ ಸಂಘದವರ ಸಮ್ಮುಖದಲ್ಲಿ ಬ್ಯಾನರ್ ಬಿಚ್ಚಲಾಯಿತು. ಸೀರೆಯಿದೆ, ಮೇಲೆ ಕೂದಲಿದೆ. ನಡುವೆ ಹಿನ್ನೆಲೆಯ ಕಾಫಿ ಎಲೆ. ಆ ಎಲೆಗಳ ಮೇಲೆ ತೇಲುತ್ತಿದ್ದವು ಎರಡು ದಪ್ಪ ಕಣ್ಣು, ಒಂದು ಕುಂಕುಮ, ಮೂವತ್ತೆರಡು ಹಲ್ಲು.

ಮುಖ ಇರಲಿಲ್ಲ.

ಬಸ್ಸಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಒಂದು ಕೂಸು ಕಿಟಾರನೆ ಕಿರುಚಿತು. ನಾನು ಪುಡಿ ಚೀಲದ ಹಿಂದೆ ಕುಳಿತೆ.

ಪಕ್ಕದ ಮನೆಯ ಜಯಕ್ಕ ಮಾತ್ರ ಬ್ಯಾನರನ್ನು ಮೆಚ್ಚಿ ನೋಡಿದಳು. "ಸಂತೆ ಮುಗುದ್ಮೇಲೆ ಇದ್ನ ನಂಗೆ ಕೊಟ್ಬುಡು ಮಾರಾಯ್ತಿ. ಬಾಳೆತೋಟಕ್ಕೆ ಕಟ್ತೀನಿ. ಇಂಥ ದೃಷ್ಟಿಬೊಂಬೆ ಎಲ್ಲೂ ಸಿಗಾಕಿಲ್ಲ."

ಕಟ್ಟಿದಳು. ಈಗ ಅವಳ ತೋಟದಲ್ಲಿ ಒಂದು ಕೋತಿಯೂ ಸುಳಿಯುವುದಿಲ್ಲ. ಎಲ್ಲವೂ ನಮ್ಮ ಹಿತ್ತಿಲಿಗೆ ಬಂದಿವೆ. ಇಲ್ಲಿ ನಾನು ಪೂರ್ತಿ ಮುಖ ಇಟ್ಟುಕೊಂಡು, ಕೋಲು ಹಿಡಿದು ನಿಂತರೂ ಒಂದೂ ಹೆದರುವುದಿಲ್ಲ.