ಅಮ್ಮನ ಚೀಟಿ, ಮಗನ ಮಂಡಿ

೧. ಸದ್ದು ಮಾಡಿದ ಕಾಗದ

ಗಿರಾಕಿಯೊಬ್ಬರು ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲೆ ಇಟ್ಟರು. ಟಪ್ ಎಂದಿತು. ಕಾಗದ ಹಾಗೆ ಸದ್ದು ಮಾಡುವುದಿಲ್ಲ. ಎತ್ತಿ ನೋಡಿದೆ. ಚೀಟಿಗೆ ಲ್ಯಾಮಿನೇಷನ್ ಮಾಡಿಸಿದ್ದರು.

ಇದು ತೊಂಬತ್ತರ ದಶಕದ ಮಾತು. ಊಟಿ ಮಾರ್ಕೆಟ್ಟಿನ ಹತ್ತಿರ ನನ್ನ ಔಷಧಿ ಅಂಗಡಿ. ನಾನು ಗುಂಡ್ಲುಪೇಟೆ ಕಡೆಯವನು. ಅವರು ಮೇಲಿನ ಹಟ್ಟಿಯ ಬಡಗರು, ನೀಲಗಿರಿ ಬೆಟ್ಟದ ಜನ. ಎರಡೆಕರೆ ಟೀ ತೋಟ, ಒಬ್ಬಳೇ ಮಗಳು. ಮದುವೆ ಹಬ್ಬಗಳಲ್ಲಿ ಹಟ್ಟಿಯ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರಲ್ಲ, ಅದಕ್ಕೆ ಇವರೇ ಮುಂದಾಳು. ಅವರು ಅದನ್ನು ಆಟ ಎನ್ನುತ್ತಾರೆ.

"ಮಂಡಿ ಮಡಚೋಕಾಗಲ್ಲ ಮೆಡಿಕಲ್ ಅಣ್ಣಾ. ಮುಂದೆ ಮಗಳ ಮದುವೇಲಿ ಎಲ್ಲರೂ ಆಡೋವಾಗ ನಾನು ಕಂಬದ ಹಾಗೆ ನಿಂತಿರಬೇಕಾ? ಈ ಚೀಟೀಲಿರೋ ಬಿಳಿ ಗುಳಿಗೆ ಕೊಡಿ."

ಬಿಳಿ ಗುಳಿಗೆ ಎಂದರೆ ಸ್ಟೀರಾಯ್ಡ್. ಚೀಟಿ ಓದಿದೆ. ಹೆಂಗಸಿನ ಹೆಸರು. ಉಬ್ಬಸಕ್ಕೆ ಬರೆದದ್ದು. ಐದು ದಿನಕ್ಕೆ ಮಾತ್ರ.

"ಇದು ಯಾರದು?"

"ನಮ್ಮಮ್ಮಂದು."

"ಅಮ್ಮ ಹೇಗಿದ್ದಾರೆ?"

"ಹೋಗಿ ಎರಡು ವರ್ಷ ಆಯ್ತು. ಚೀಟಿ ಚೆನ್ನಾಗಿದೆ."

ಗುಳಿಗೆ ಕೊಟ್ಟೆ. ನಾನು ಇಟ್ಟದ್ದು ಅಂಗಡಿ, ಆಶ್ರಮವಲ್ಲ.

೨. ಮುಖದ ಕಳೆ

ಮೂರನೆಯ ದಿನಕ್ಕೆ ಮಂಡಿ ಮಡಚಿತು. ನಾಲ್ಕನೆಯ ದಿನ ಎಲೆಯ ಮೂಟೆ ಹೊತ್ತು ಏರು ಹತ್ತಿದರಂತೆ. ಐದು ದಿನದ ಗುಳಿಗೆ ಐದು ತಿಂಗಳಾಯಿತು. ಅಷ್ಟರಲ್ಲಿ ಅವರ ಮುಖ ತುಂಬಿಕೊಂಡು ಹುಣ್ಣಿಮೆ ಚಂದ್ರನಾಯಿತು. ಕೆನ್ನೆ ಕೆಂಪು, ಹೊಟ್ಟೆ ಮುಂದೆ. ಕೈಕಾಲು ಮಾತ್ರ ಸಣ್ಣಗಾದವು. ಅದನ್ನು ಯಾರೂ ನೋಡಲಿಲ್ಲ.

ಇದು ಗುಳಿಗೆ ತರುವ ಊತ. ನನಗೆ ಗೊತ್ತಿತ್ತು. ಹಟ್ಟಿಗೆ ಅದು ಕಳೆಯಾಗಿ ಕಂಡಿತು.

ಕೋತಗಿರಿ ಕಡೆಯಿಂದ ಮಗಳನ್ನು ನೋಡಲು ಬಂದರು. ಹುಡುಗಿಯನ್ನು ಒಂದು ಸಲ ನೋಡಿದರಂತೆ, ಅಪ್ಪನನ್ನು ಮೂರು ಸಲ. "ಮಾವನ ಮುಖ ನೋಡಿ. ತಿಂದುಂಡ ಮನೆ" ಎಂದು ಅಲ್ಲೇ ಒಪ್ಪಿದರು.

ಅಲ್ಲಿಂದ ಹಟ್ಟಿಗೆಲ್ಲ ಆ ಗುಳಿಗೆ ಬೇಕಾಯಿತು. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ತುರಿಕೆ, ಒಬ್ಬ ಸಣಕಲನಿಗೆ ಬರೀ ಕೆನ್ನೆ. ಮುಂದಾಳುವೂ ಸೇರಿ ಹನ್ನೊಂದು ಜನ. ಚೀಟಿ ಒಂದೇ. ಮದುವೆಗೆ ಹಟ್ಟಿಯ ದೊಡ್ಡ ಹಂಡೆಯನ್ನು ಮನೆಯಿಂದ ಮನೆಗೆ ಒಯ್ಯುತ್ತಾರೆ. ಹಾಗೆ ಈ ಚೀಟಿಯನ್ನೂ ಒಯ್ದರು. ಒಬ್ಬ ಮುದುಕಿ ಬಂದು ಹತ್ತು ಹೆಚ್ಚಿಗೆ ಕೇಳಿದಳು.

"ಯಾರಿಗಮ್ಮ?"

"ಹಸೂಗೆ."

"ಹಸೂಗ್ಯಾಕೆ?"

"ಯಾಕೆ, ಅದಕ್ಕೆ ಮಂಡಿ ಇಲ್ವಾ?"

೩. ನಾನು ಒಳ್ಳೆಯವನಾದದ್ದು

ಮದುವೆಗೆ ನಾಲ್ಕು ತಿಂಗಳಿತ್ತು. ಮುಂದಾಳು ಅಂಗಡಿಗೆ ಬಂದವರು ನನ್ನ ಹೂಜಿಯ ನೀರನ್ನೆಲ್ಲ ಕುಡಿದರು. ಆದರೂ ಬಾಯಾರಿಕೆ ಎಂದರು. ಸಕ್ಕರೆ ಕಾಯಿಲೆಯೇ ಇರಬೇಕು ಅನಿಸಿತು. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಎಲ್ಲಿ ತಗುಲಿತು ಎಂದರೆ ಗೊತ್ತಿಲ್ಲ ಎಂದರು.

ನನಗೆ ಹೆದರಿಕೆಯಾಯಿತು. ಹೆದರಿದಾಗ ನಾನು ಬೈಯುತ್ತೇನೆ.

"ಇವತ್ತಿಂದ ಗುಳಿಗೆ ಇಲ್ಲ. ನಿಮಗೂ ಇಲ್ಲ, ಹಟ್ಟೀಗೂ ಇಲ್ಲ. ಸತ್ತವರ ಚೀಟಿ ಇಟ್ಕೊಂಡು ಸಾಯಬೇಡಿ. ಹೋಗಿ."

ಹೋದರು. ಆ ದಿನ ಊಟ ರುಚಿಸಿತು. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಮೂರನೆಯ ದಿನ ಅವರು ಟೀ ಗಿಡಗಳ ನಡುವೆ ಕುಸಿದು ಬಿದ್ದರು. ವಾಂತಿ, ಮೈಯೆಲ್ಲ ತಣ್ಣಗೆ. ಎಲೆ ಸಾಗಿಸುವ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ನಾನೂ ಓಡಿದೆ. ಡಾಕ್ಟರು ಸೂಜಿ ಹಾಕಿ, ಜೀವ ಉಳಿದಮೇಲೆ ನನ್ನ ಕಡೆ ತಿರುಗಿದರು.

"ಗುಳಿಗೆ ಕೊಟ್ಟವರು ಯಾರು?"

"ನಾನು."

"ಒಂದೇ ಸಲಕ್ಕೆ ನಿಲ್ಲಿಸಿದವರು?"

"ಅದೂ ನಾನೇ."

"ಎರಡನೇದು ಮೊದಲನೇದಕ್ಕಿಂತ ದೊಡ್ಡ ತಪ್ಪು. ಇಷ್ಟು ತಿಂಗಳು ಹೊರಗಿನಿಂದ ಬರ್ತಿದೆ ಅಂತ ಮೈ ತನ್ನ ಸ್ಟೀರಾಯ್ಡನ್ನು ತಾನೇ ಮಾಡೋದು ಬಿಟ್ಟಿದೆ. ಮೆಲ್ಲಗೆ ಇಳಿಸಬೇಕು. ಉಳಿದವರನ್ನೂ ನಾಳೆಯೇ ಕಳಿಸಿ."

ಮರುದಿನ ಹತ್ತು ಜನರನ್ನು ಅದೇ ಜೀಪಿನಲ್ಲಿ ಕಳಿಸಿದೆ. ಹಸುವನ್ನು ದನದ ಡಾಕ್ಟರು ನೋಡಿದರು.

ಮುಂದಾಳುವಿಗೆ ಡಾಕ್ಟರು ಹೊಸ ಚೀಟಿ ಬರೆದರು. ಎರಡು ವಾರ ಒಂದು, ಆಮೇಲೆ ಅರ್ಧ, ಆಮೇಲೆ ಕಾಲು. ಅವರು ಹಾಸಿಗೆಯಲ್ಲೇ ಮಲಗಿ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹುಣ್ಣಿಮೆ ಮುಖ ಇನ್ನಷ್ಟು ಅರಳಿತು.

"ಅದೇ ಗುಳಿಗೆ! ನೋಡಿದ್ರಾ ಅಣ್ಣಾ? ದೊಡ್ಡ ಡಾಕ್ಟರಿಗೂ ನಮ್ಮ ಔಷಧೀನೇ ಗತಿ!"

೪. ಆಟ

ಎಕ್ಸ್-ರೇ ತೆಗೆದರು. ಮೂಳೆ ಹಪ್ಪಳವಾಗಿದೆ, ಕುಣಿದರೆ ತೊಡೆ ಮುರಿಯುತ್ತದೆ ಎಂದರು ಡಾಕ್ಟರು. ಗುಳಿಗೆ ಕಾಲು ಭಾಗಕ್ಕೆ ಇಳಿಯಿತು, ಮುಖವೂ ಇಳಿಯಿತು, ಮಂಡಿ ನೋವು ಮರಳಿ ಬಂತು. ಮದುವೆಯ ಹಿಂದಿನ ದಿನ ಮುಂದಾಳು ಅಂಗಡಿಗೆ ಬಂದು ಕೇಳಿದರು.

"ಒಂದೇ ಒಂದು ಸುತ್ತು?"

"ಇಲ್ಲ."

"ನನ್ನ ಮಗಳು ಅಣ್ಣಾ."

"ಹೆಂಡತೀನ ಕೇಳಿ."

ಹೆಂಡತಿಯನ್ನು ಕೇಳಿದ್ದರಂತೆ. "ಆಡಿ. ಮಗಳನ್ನ ಗಂಡನ ಮನೇಗೆ, ನಿಮ್ಮನ್ನ ಆಸ್ಪತ್ರೆಗೆ, ಒಂದೇ ಜೀಪಲ್ಲಿ ಕಳಿಸ್ತೀನಿ" ಎಂದಿದ್ದಳಂತೆ.

ಮದುವೆಗೆ ನಾನೂ ಹೋದೆ. ಬಿಳಿ ಬಟ್ಟೆ, ತಲೆಗೆ ಮುಂಡಾಸು ಕಟ್ಟಿಕೊಂಡು ಮುಂದಾಳು ಜಗುಲಿಯ ಮೇಲೆ ಕುಳಿತಿದ್ದರು. ಹಿಂದೆ ನಿಂತ ಹೆಂಡತಿಯ ಕೈ ಅವರ ಹೆಗಲ ಮೇಲೆ. ಪ್ರೀತಿಯ ಕೈಯಲ್ಲ, ಒತ್ತಿ ಹಿಡಿದ ಕೈ.

ಅಂಗಳದಲ್ಲಿ ಗಂಡಸರು ಸುತ್ತುಗಟ್ಟಿದರು. ಬ್ಯಾಂಡು ಶುರುವಾಯಿತು. ಯಾರೂ ಹೆಜ್ಜೆ ಹಾಕಲಿಲ್ಲ. ಮುಂದಾಳು ಇರುವಾಗ ಇನ್ನೊಬ್ಬ ಮೊದಲ ಹೆಜ್ಜೆ ಹಾಕುವ ರೂಢಿ ಆ ಹಟ್ಟಿಯಲ್ಲಿಲ್ಲ. ಬ್ಯಾಂಡಿನವರು ಒಂದು ಹಾಡು ಮುಗಿಸಿ ಬೆವರು ಒರೆಸಿಕೊಂಡರು. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಜಗುಲಿಯ ಮೇಲೆ ಮುಂದಾಳುವಿನ ಕಣ್ಣು ತುಂಬಿತ್ತು.

ಹಟ್ಟಿಯ ಗೌಡರು ಕೂಗಿದರು. "ಏ, ಕೂತಲ್ಲೇ ಕೈಯಾದ್ರೂ ಎತ್ತೋ! ಅಡುಗೆ ಆರ್ತಾ ಇದೆ!"

ಮುಂದಾಳು ಹೆಂಡತಿಯನ್ನು ನೋಡಿದರು. ಆಕೆ ಕೈ ತೆಗೆಯಲಿಲ್ಲ, ಆದರೆ ಹೂಂ ಎಂದು ತಲೆ ಆಡಿಸಿದಳು. ಬ್ಯಾಂಡು ಮತ್ತೆ ಹೊಡೆಯಿತು. ಅವರು ಬಲಗೈ ಎತ್ತಿದರು. ತಿರುಗಿಸಿದರು. ಇಳಿಸಿದರು. ಎಡಗೈ ಎತ್ತಿದರು. ಕಾಲು ಕದಲಲಿಲ್ಲ.

ಅಂಗಳದಲ್ಲಿ ಅರವತ್ತು ಜನ ಬಲಗೈ ಎತ್ತಿದರು. ತಿರುಗಿಸಿದರು. ಇಳಿಸಿದರು. ಎಡಗೈ ಎತ್ತಿದರು. ಒಬ್ಬನ ಕಾಲೂ ಕದಲಲಿಲ್ಲ. ಬ್ಯಾಂಡಿನವರು ಜೋರು ಮಾಡಿದರು. ಕೈ ಜೋರಾಯಿತು, ಕಾಲು ನೆಟ್ಟಂತೆಯೇ ಇತ್ತು. ಇದು ಇವರ ಪದ್ಧತಿ ಇರಬೇಕೆಂದು ಬೀಗರೂ ಸೇರಿಕೊಂಡರು. ಅರ್ಧ ಗಂಟೆ ನಡೆಯಿತು.

ಗಂಡಿನ ಸೋದರಮಾವ ನನ್ನ ಪಕ್ಕದಲ್ಲಿದ್ದರು. "ಬಹಳ ಹಳೇ ಆಟ ಇರಬೇಕು. ನಮ್ಮ ಕಡೆ ಮರೆತೇ ಹೋಗಿದೆ" ಎಂದರು.

ಹೌದು ಎಂದೆ.

ಆ ಹಟ್ಟಿಯ ಮದುವೆಗಳಲ್ಲಿ ಈಗಲೂ ಮೊದಲ ಆಟಕ್ಕೆ ಯಾರೂ ಕಾಲೆತ್ತುವುದಿಲ್ಲ.