ಚಿಲಕದ ಮೇಲಿನ ಕೈ

ಲತಾಮಣಿ ಮುದ್ದೆಯ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು ಹಿಟ್ಟು ತಿರುವುತ್ತಿದ್ದಳು. ಎದುರಿಗೆ ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿದ ಕಾದಂಬರಿ; ಪುಟ ಹಾರದಂತೆ ಮೇಲೊಂದು ಸೌಟು. ನಾಲ್ಕು ಸುತ್ತು ತಿರುವಿದರೆ ಎರಡು ಸಾಲು ಓದು. ಕತೆ ಕೊನೆಯ ಘಟ್ಟಕ್ಕೆ ಬಂದಿತ್ತು; ಮುದ್ದೆಯೂ.

‘ಹೊರಗೆ ಮಳೆಯಲ್ಲಿ ಓರಗಿತ್ತಿ ಮತ್ತೆ ಬಾಗಿಲು ಬಡಿದಳು. ಗೌರಿ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಚಿಲಕದ ಮೇಲಿಟ್ಟು,’

ಅಲ್ಲಿಗೆ ಪುಟ ಮುಗಿಯಿತು. ಲತಾಮಣಿ ಕೋಲು ಬಿಟ್ಟು, ಹಿಟ್ಟು ಮೆತ್ತಿದ ಬೆರಳಲ್ಲೇ ಹಾಳೆ ತಿರುವಿದಳು. ಸಿಕ್ಕಿದ್ದು ಹಿಂದಿನ ರಟ್ಟು. ನಡುವೆ ಇರಬೇಕಾದ ಕೊನೆಯ ಹಾಳೆಯನ್ನು ಯಾರೋ ಬುಡದಲ್ಲೇ, ಸ್ಕೇಲಿಟ್ಟ ಹಾಗೆ ನೀಟಾಗಿ ಕತ್ತರಿಸಿದ್ದರು.

"ಅಯ್ಯೋ, ಬಾಗಿಲು ತೆಗೆದಳೋ ಇಲ್ವೋ!"

"ಬಾಗ್ಲು ತೆಗ್ದೇ ಐತಲ್ಲ, ಕಣ್ ಕಾಣಕಿಲ್ವಾ?" ಎಂದರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುದ್ದಮ್ಮ.

ಆ ಕಾದಂಬರಿಗೆ ಬೇರೆಯೇ ಹೆಸರಿತ್ತು. ಮುಂದಿನ ರಟ್ಟು ಕಳಚಿಹೋದ ಮೇಲೆ ಅರಸೀಕೆರೆಯ ಆ ಬೀದಿಯ ಮಹಿಳಾ ಸಮಾಜದವರು ಅದನ್ನು ಗೌರಿ ಪುಸ್ತಕ ಎಂದೇ ಕರೆಯುತ್ತಿದ್ದರು. ಮನುಷ್ಯ ಸ್ವಭಾವವನ್ನು ಅಂಗೈ ಮೇಲಿಟ್ಟು ತೋರಿಸುವ ಮಹಾಕೃತಿ ಎಂದು ತಲೆಮಾರುಗಳಿಂದ ಹೆಸರಾದದ್ದು. ಗೌರಿಯ ಮನೆ, ಒಡವೆ ಎಲ್ಲವನ್ನೂ ಕಿತ್ತುಕೊಂಡು ಅವಳನ್ನು ಹೊರಗೆ ಹಾಕಿದ ಓರಗಿತ್ತಿ, ಕೊನೆಗೆ ತಾನೇ ಬೀದಿಪಾಲಾಗಿ ಗೌರಿಯ ಬಾಗಿಲಿಗೆ ಬರುವ ಕತೆ. ಸಮಾಜದಲ್ಲಿ ಇದ್ದದ್ದು ಒಂದೇ ಪ್ರತಿ. ಮನೆಗೊಂದು ವಾರದ ಸರದಿ. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎನ್ನುವ ಶಾಸ್ತ್ರವನ್ನು ಪುಸ್ತಕದ ಚೀಲಕ್ಕೂ ಹಚ್ಚಿದ್ದರಿಂದ, ಅದು ಮನೆಯಿಂದ ಮನೆಗೆ ತೆಂಗಿನಕಾಯಿ, ಬೆಲ್ಲ, ಎಳ್ಳಿನ ಚಿಗಳಿಗಳ ಜೊತೆ ಪ್ರಯಾಣ ಮಾಡಿ, ಓದುವ ಪುಸ್ತಕಕ್ಕಿಂತ ಒಗ್ಗರಣೆ ಡಬ್ಬಿಯ ಹಾಗೆ ವಾಸನೆ ಹೊಡೆಯುತ್ತಿತ್ತು.

ಅವತ್ತು ಸಂಜೆ ಸಮಾಜದ ವಾರ್ಷಿಕೋತ್ಸವ. ಗೌರಿ ಪುಸ್ತಕದ ಮೇಲೆ ಮಾತನಾಡಬೇಕಾದವಳು ದೂರವಾಣಿ ಕಚೇರಿಯ ಲತಾಮಣಿ. ಭಾಷಣ ಮಾಡುವವರಿಗೆ ಪುಸ್ತಕದ ಸರದಿ ಕೊನೆಗೆ ಎಂಬುದು ನಿಯಮ. ಗಂಡ ಭೀಮರಾಜನಿಗೆ ಬಾಣಾವರ ಸ್ಟೇಷನ್ನಿನಲ್ಲಿ ಡ್ಯೂಟಿ, ಬರುವುದಿಲ್ಲ. ಮುದ್ದಮ್ಮ ಮಾತ್ರ ವಾರದಿಂದ ನಲ್ಲಿಯ ಹತ್ತಿರ ಸಾರುತ್ತಿದ್ದರು: "ನಮ್ ಸೊಸೆ ಮೈಕ್ ಮುಂದೆ ನಿಂತ್ಕತ್ತಾಳೆ. ಕಾಗ್ದ ನೋಡ್ದೇನೇ ಮಾತಾಡ್ತಾಳೆ." ಮಗನ ಮದುವೆಯಲ್ಲಿ ಉಟ್ಟ ಹಸಿರು ಸೀರೆ ಆಗಲೇ ಇಸ್ತ್ರಿಯಾಗಿ ಮಂಚದ ಮೇಲಿತ್ತು. ಆ ಸೀರೆ ಮುಂದಿನ ಸಾಲಿನಲ್ಲಿ ಕೂತಿರುವಾಗ ‘ಕೊನೆ ಗೊತ್ತಿಲ್ಲ’ ಎಂದು ಹೇಳುವುದುಂಟೆ?

ಎಲ್ಲರೂ ಓದಿದ್ದಾರಲ್ಲ, ಕೇಳಿಕೊಂಡು ಬಂದರಾಯಿತು ಎಂದು ಲತಾಮಣಿ ಚಪ್ಪಲಿ ಮೆಟ್ಟಿದಳು. ಆದರೆ ಭಾಷಣ ಮಾಡುವವಳೇ ‘ಕೊನೆ ಏನು?’ ಎಂದು ಕೇಳುವುದು ಹೇಗೆ? ಅಡ್ಡದಾರಿಯಲ್ಲೇ ಕೇಳಬೇಕು.

ಕಾಯಿ ಮಂಡಿಯ ನಂಜಪ್ಪನವರ ಹೆಂಡತಿ ಶಿವಗಂಗಮ್ಮ ಅಟ್ಟದ ಮೇಲಿದ್ದರು. ವರ್ಷದಿಂದ ಒಣಗುತ್ತಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕೇಳುತ್ತಿದ್ದರು.

"ಕೊನೆ ನಿಮಗೆ ಹೇಗನ್ನಿಸ್ತು ಶಿವಗಂಗಮ್ಮನೋರೇ?" ಎಂದಳು ಲತಾಮಣಿ, ಏಣಿಯ ಕೆಳಗಿಂದ.

ಶಿವಗಂಗಮ್ಮನ ಕೈಯ ಕಾಯಿ ಒಂದು ಕ್ಷಣ ನಿಂತಿತು. "ಕೊನೇನಾ? ಭಾಳ ಚೆನ್ನಾಗೈತೆ ಕಣಮ್ಮ. ಬಾಗ್ಲು ಅರ್ಧ ತೆಗೀತಾಳೆ. ‘ನನ್ನ ಕಾಸಿನ ಸರ ಎಲ್ಲಿ, ಮೊದ್ಲು ತಗಿ’ ಅಂತಾಳೆ. ಸರ ಒಳಗ್ ಬಂತು, ಆಮೇಲೆ ಅವ್ಳು ಒಳಗ್ ಬಂದ್ಲು. ವ್ಯವಹಾರ ಅಂದ್ರೆ ಹಂಗಿರ್ಬೇಕು."

"ಸರ ಇನ್ನೂ ಇತ್ತಾ ಅವಳ ಹತ್ರ?"

"ಇರ್ದೇ ಏನು? ಇಂಥೋರು ಸೀರೆ ಮಾರ್ತಾರೆ, ಸರ ಮಾರಲ್ಲ." ಒಂದು ಕಾಯಿಯನ್ನು ಮೇಲಿನಿಂದಲೇ ಇಳಿಬಿಟ್ಟರು. "ತಗೊ, ಬರೀಗೈಯಾಗೆ ಹೋಗ್ಬ್ಯಾಡ."

ನಿವೃತ್ತ ಮೇಡಂ ರುಕ್ಮಿಣಮ್ಮನವರ ಮನೆಯಲ್ಲಿ ಗೌರಿ ಬೇರೆಯೇ ಆಗಿಬಿಟ್ಟಿದ್ದಳು. "ಓದಿ ಎರಡು ದಿನ ಅತ್ತೆ ಕಣೇ," ಎಂದು ಅವರು ಈಗಲೂ ಕಣ್ಣೊರೆಸಿಕೊಂಡರು. "ಬಾಗಿಲು ತೆಗೆದವಳೇ ಓರಗಿತ್ತಿಯನ್ನ ತಬ್ಬಿಕೊಳ್ತಾಳೆ. ಕ್ಷಮೆಗಿಂತ ದೊಡ್ಡದು ಯಾವುದಿದೆ ಹೇಳು? ಮನುಷ್ಯ ಅಂದ್ಮೇಲೆ ಮರೀಬೇಕು."

ಅಷ್ಟರಲ್ಲಿ ಪಕ್ಕದ ಕಾಂಪೌಂಡಿನಲ್ಲಿ ಅವರ ಸ್ವಂತ ಓರಗಿತ್ತಿಯ ಕೆಮ್ಮು ಕೇಳಿಸಿತು. ರುಕ್ಮಿಣಮ್ಮ ಎದ್ದು ಕಿಟಕಿಯನ್ನು ದಢಾರನೆ ಮುಚ್ಚಿ ಬಂದರು. "ಎಲ್ಲಿದ್ದೆ? ಹಾಂ, ಕ್ಷಮೆ. ಈ ಬೆಲ್ಲ ತಗೊಂಡು ಹೋಗು."

ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವ ಶರ್ಮಿಳಾ, ಯಂತ್ರದ ಸದ್ದಿನ ನಡುವೆ ಕೂಗಿ ಹೇಳಿದಳು. "ಬಾಗಿಲು ತೆಗೆಯೋದಾ? ಚಾನ್ಸೇ ಇಲ್ಲ ಅಕ್ಕ! ದೀಪ ಆರಿಸ್ತಾಳೆ, ಹಿತ್ತಲ ಬಾಗಿಲಿಂದ ಹೊರಟೇ ಹೋಗ್ತಾಳೆ. ರೈಲು ಹತ್ತಿ ಸೀದಾ ಬೆಂಗಳೂರು. ಸೂಪರ್ ಎಂಡಿಂಗು."

"ಆ ಕಾಲಕ್ಕೆ ರೈಲಿತ್ತೇನೇ?"

"ರೈಲಿಲ್ದಿದ್ರೆ ಗಾಡಿ. ಒಟ್ನಲ್ಲಿ ಹೋದ್ಲು." ಶರ್ಮಿಳಾ ಚಿಗಳಿಯ ಪೊಟ್ಟಣ ಕೊಟ್ಟಳು.

ಒಂದು ಹಾಳೆ ಹುಡುಕಲು ಹೋದ ಲತಾಮಣಿ, ಮದುವೆ ಮನೆಯಿಂದ ಬಂದವಳ ಹಾಗೆ ಚೀಲ ಭಾರ ಮಾಡಿಕೊಂಡು ಹಿಂದಿರುಗಿದಳು. ವಿಷಯ ಸ್ಪಷ್ಟವಾಗಿತ್ತು. ಹಾಳೆಯನ್ನು ಯಾರೂ ನೋಡಿರಲಿಲ್ಲ. ಇಲ್ಲ ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆ ಬಾಗಿಲನ್ನೇ ಪುಸ್ತಕಕ್ಕೆ ಕೂಡಿಸಿಕೊಂಡಿದ್ದರು. ಎಂಥ ಜನ! ಲತಾಮಣಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ತಾನಾದರೂ ಸುಳ್ಳು ಹೇಳಲಿಲ್ಲವಲ್ಲ. ಹಾಳೆ ಕತ್ತರಿಸಿದ ಕೈಗೆ ಮನಸಾರೆ ಶಾಪ ಹಾಕಿದಳು.

ಮುದ್ದೆ ಆರಿ ಕಲ್ಲಾಗಿತ್ತು. ಅದನ್ನೇ ತಟ್ಟೆಗೆ ಹಾಕಿ, ಅತ್ತೆಯ ಮುಂದೆ ಕೂತು ಗೌರಿಯ ಕತೆಯನ್ನೆಲ್ಲ ಹೇಳಿದಳು. "ನೀವಾಗಿದ್ರೆ ಏನ್ ಮಾಡ್ತಿದ್ರಿ ಅತ್ತೆ?"

ಮುದ್ದಮ್ಮ ತುತ್ತು ನುಂಗಿ, ನೀರು ಕುಡಿದು ಹೇಳಿದರು. "ತೆಗೆಯಾಕ್ ಮುಂಚೆ ‘ಯಾರು?’ ಅಂತ ಕೇಳ್ತಿದ್ದೆ."

"ಗೊತ್ತಲ್ಲ ಅತ್ತೆ, ಓರಗಿತ್ತಿ ಅಂತ."

"ಗೊತ್ತಿದ್ರೇನು? ಅವ್ಳ ಬಾಯಾಗೇ ಬರ್ಲಿ. ಶಿವಗಂಗಮ್ಮನ ಅತ್ತೆ ಕಾಲ್ದಾಗೆ ನಾನು ಅವ್ರ ಹಿತ್ತಲ ಬಾಗ್ಲಾಗೆ ನಿಂತು, ‘ನಾನು ಮುದ್ದಿ, ಕಾಯಿ ಸುಲಿಯಾಕ್ ಬಂದೀನ್ರವ್ವಾ’ ಅಂತ ಕೂಗಿದ್ ಮ್ಯಾಲೇ ಚಿಲ್ಕ ತೆಗೀತಿದ್ದದ್ದು. ದಿನಾ ನೋಡೋರಿಗೆ ನನ್ ಹೆಸ್ರು ಗೊತ್ತಿರ್ಲಿಲ್ವಾ? ನಿಂತು ಹೆಸ್ರು ಹೇಳೋದು ಹೆಂಗಿರ್ತೈತೆ ಅಂತ ಅವ್ಳಿಗೂ ಒಂದ್ ಸಲ ತಿಳೀಲಿ. ಆಮ್ಯಾಕೆ ತೆಗ್ಯೋದೇಯ. ಮಳೇಲಿ ಯಾರ್ನಾದ್ರೂ ನಿಲ್ಸಾಕಾಯ್ತದಾ?"

"ಇನ್ನೊಂದ್ ಸಲ ಹೇಳಿ ಅತ್ತೆ," ಎಂದಳು ಲತಾಮಣಿ.

ಸಂಜೆ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿ ಕನ್ನಡ ಅಧ್ಯಾಪಕ ಉಮಾಶಂಕರ್ ಲತಾಮಣಿಯ ಪಕ್ಕದಲ್ಲಿ ಕೂತು, "ನಾನಿದನ್ನ ನಾಲ್ಕು ಸಲ ಓದಿದ್ದೀನಿ ಮೇಡಂ" ಎಂದರು.

"ಹಾಗಾದ್ರೆ ಕೊನೇಲಿ ಗೌರಿ..."

"ಶ್! ಅಂತ್ಯವನ್ನ ಹೇಳಬಾರದು. ಅನುಭವಿಸಬೇಕು." ಎಂದವರೇ ಕೆಳಗೆ ಬೀಳದಿದ್ದ ಪೆನ್ನನ್ನು ಹುಡುಕಲು ಕುರ್ಚಿಯ ಕೆಳಗೆ ಬಗ್ಗಿದರು.

ಅವಳ ಹೆಸರು ಕೂಗಿದರು. ಮೈಕಿನ ಮುಂದೆ ನಿಂತಾಗ ಎದೆಯೊಳಗೆ ಶಿವಗಂಗಮ್ಮನ ಅಟ್ಟದ ಕಾಯಿಯಂತೆ ಏನೋ ಲೊಟಲೊಟ ಅಲ್ಲಾಡಿತು. ಮುಂದಿನ ಸಾಲಿನ ನಡುಕುರ್ಚಿಯಲ್ಲಿ ಹಸಿರು ಸೀರೆ. ಆ ಕಡೆ ಶಿವಗಂಗಮ್ಮ, ಈ ಕಡೆ ರುಕ್ಮಿಣಮ್ಮ. ಮುದ್ದಮ್ಮ ಕಾಲುಗಳನ್ನು ಚಾಚಿ, ಆ ಕುರ್ಚಿ ತಮ್ಮ ಮನೆಯದೇ ಎಂಬಂತೆ ಕೂತಿದ್ದರು.

ಲತಾಮಣಿ ಕಾಗದ ನೋಡದೆ ಮಾತನಾಡಿದಳು. ಕೊನೆಗೆ ಬಂದಾಗ, "ಗೌರಿ ಚಿಲಕದ ಮೇಲೆ ಕೈಯಿಟ್ಟು ‘ಯಾರು?’ ಎಂದು ಕೇಳುತ್ತಾಳೆ. ಅಷ್ಟೇ. ಹೊರಗಿದ್ದವಳು ಮೊದಲ ಸಲ ನಿಂತು ತನ್ನ ಹೆಸರು ಹೇಳಬೇಕಾಗುತ್ತದೆ. ಹೇಳಿದ ಮೇಲೆ ಬಾಗಿಲು ತೆರೆಯುತ್ತದೆ" ಎಂದಳು.

ಬಿದ್ದ ಚಪ್ಪಾಳೆಗೆ ಮೈಕೇ ಕಿರುಚಿತು. ಶಿವಗಂಗಮ್ಮ ಮಾತ್ರ ಸ್ವಲ್ಪ ತಡವಾಗಿ, ಮುದ್ದಮ್ಮನ ಮುಖ ನೋಡದೆ ತಟ್ಟಿದರು. ಆಮೇಲೆ ಎಲ್ಲರಿಗಿಂತ ಜೋರಾಗಿ ಹೇಳಿದವರೂ ಅವರೇ: "ನಾನ್ ಬೆಳಗ್ಗೆ ಹೇಳಿದ್ದೂ ಇದೇಯ!"

"ನಾನು ಅತ್ತದ್ದೂ ಇದಕ್ಕೇ," ಎಂದರು ರುಕ್ಮಿಣಮ್ಮ.

ಉಮಾಶಂಕರ್ ಎದ್ದು, "ನನಗೆ ಕಂಠಪಾಠವಾಗಿರುವ ಸಾಲುಗಳನ್ನೇ ಲತಾಮಣಿಯವರು ಯಥಾವತ್ತಾಗಿ ಹೇಳಿದರು" ಎಂದು ಘೋಷಿಸಿದರು. ಹಾಸನದಿಂದ ತಂದಿದ್ದ ಗೌರಿ ಪುಸ್ತಕದ ಹೊಸ ಮುದ್ರಣವನ್ನು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ, ನೆನಪಿನ ಕಾಣಿಕೆಯಾಗಿ ಕೊಟ್ಟರು. "ಮುಂದಿನ ತಿಂಗಳು ಬೇಲೂರಿನಲ್ಲಿ ನಮ್ಮ ಗೋಷ್ಠಿ ಇದೆ. ಬರಲೇಬೇಕು. ಆ ಕೊನೆಯ ಪುಟವನ್ನು ಈ ಪುಸ್ತಕದಿಂದಲೇ ಓದಬೇಕು."

ಮುದ್ದಮ್ಮ ಆಗಲೇ ಎದ್ದು ನಿಂತು ಸುತ್ತಲಿನವರಿಗೆ ಹೇಳುತ್ತಿದ್ದರು. "ಅದು ನಾನ್ ಆಡಿದ್ ಮಾತು ಕಣ್ರವ್ವಾ! ನಾನು ಮುದ್ದೆ ಉಣ್ತಾ ಹೇಳ್ದೆ, ನೋಡುದ್ರೆ ಪುಸ್ತಕದಾಗೂ ಅದೇ ಐತಂತೆ! ಆ ಬರ್ದ ಪುಣ್ಯಾತ್ಮನೂ ನನ್ನಂಗೇ ಎಲ್ಲೋ ಹಿತ್ಲಾಗೆ ನಿಂತಿದ್ನೇನೋ!"

ಹೊಸ ಪುಸ್ತಕ ನಾಳೆ ಬೆಳಗ್ಗೆ ಮೊದಲು ನನಗೆ ಎಂದು ಶಿವಗಂಗಮ್ಮ, ಇಲ್ಲ ನನಗೆ ಎಂದು ರುಕ್ಮಿಣಮ್ಮ, ಮುಂಬಾಗಿಲಲ್ಲೇ ಜಗಳಕ್ಕೆ ನಿಂತರು. ಆ ಸಾಲನ್ನು ಇನ್ನೊಮ್ಮೆ ಓದಬೇಕಂತೆ.

ಮನೆಗೆ ಬಂದ ಲತಾಮಣಿ ಸೀರೆಯನ್ನೂ ಬದಲಿಸದೆ ಹೊದಿಕೆ ಹರಿದು ಕೊನೆಯ ಹಾಳೆ ತೆರೆದಳು. ಹಾಳೆಯ ನೆತ್ತಿಯ ಮೇಲೆ ಒಂದೇ ಒಂದು ಪದವಿತ್ತು.

‘ನಿಂತಳು.’

ಅದರ ಕೆಳಗೆ, ‘ಮುಗಿಯಿತು.’ ಅದರ ಕೆಳಗೆ ಬರೀ ಬಿಳಿ ಕಾಗದ.

ಲತಾಮಣಿ ಹಿಂದಿನ ಪುಟ ನೋಡಿದಳು, ಮುಂದಿನ ರಟ್ಟು ನೋಡಿದಳು, ಪುಸ್ತಕವನ್ನು ಕಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡಿದಳು. ಬರೆದವನು ಗೌರಿಯನ್ನು ಅಲ್ಲೇ ನಿಲ್ಲಿಸಿ ಹೋಗಿಬಿಟ್ಟಿದ್ದ. ಬೆಳಗಿನಿಂದ ಬೀದಿಯವರನ್ನೆಲ್ಲ ಸುಳ್ಳರೆಂದು ಎಣಿಸಿದವಳು, ಅವರೆಲ್ಲರ ಸುಳ್ಳನ್ನೂ ಮೀರಿಸಿ ಮೈಕಿನಲ್ಲಿ ಹೇಳಿ, ಕಾಣಿಕೆ ಪಡೆದು ಬಂದಿದ್ದಳು.

ಮುದ್ದಮ್ಮ ಪಕ್ಕದಲ್ಲಿ ಬಂದು ಕೂತರು. ಹಸಿರು ಸೀರೆ ಇನ್ನೂ ಮೈಮೇಲಿತ್ತು. "ಎಲ್ಲೈತೆ, ತೋರ್ಸು, ನನ್ ಮಾತು."

ಲತಾಮಣಿ ಅಕ್ಷರ ಬಾರದ ಅತ್ತೆಯ ಬೆರಳನ್ನು ಹಿಡಿದು ‘ನಿಂತಳು’ ಎಂಬ ಪದದ ಮೇಲೆ ಇಟ್ಟಳು.

"ಇಷ್ಟೇಯಾ? ನಾನ್ ಹೇಳಿದ್ದು ಉದ್ದ ಇತ್ತಲ್ಲೇ?"

"ಅಚ್ಚಲ್ಲಿ ಚಿಕ್ಕದಾಗತ್ತೆ ಅತ್ತೆ."

"ಅದೂ ಸರಿ ಬಿಡು," ಎಂದು ಮುದ್ದಮ್ಮ ಆ ಪದವನ್ನು ಮಗುವಿನ ಕೆನ್ನೆಯಂತೆ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. "ನಾಳೆ ಶಿವಗಂಗಮ್ಮಂಗೆ ಕೊಡುವಾಗ ನನ್ ಮಾತು ಎಲ್ಲೈತೆ ಅಂತ ಅವ್ಳಿಗೂ ತೋರ್ಸು. ನಾನೂ ಬತ್ತೀನಿ, ಮುಂಬಾಗ್ಲಿಗೆ."

ಅತ್ತೆ ಸೀರೆ ಬದಲಿಸಲು ಒಳಗೆ ಹೋದರು. ಹಳೆಯ ಪುಸ್ತಕದಲ್ಲಿ ಹಾಳೆಯಿದ್ದ ಜಾಗವನ್ನು ಲತಾಮಣಿ ಮತ್ತೊಮ್ಮೆ ಮುಟ್ಟಿ ನೋಡಿದಳು. ಎಷ್ಟು ನೀಟು! ಆ ಕೈ ಯಾರದೋ, ಅವರ ಮನೆಯಲ್ಲೂ ಇಂಥವರೇ ಯಾರಾದರೂ ಇದ್ದಿರಬೇಕು. ಬೆಳಗ್ಗೆ ಹಾಕಿದ ಶಾಪವನ್ನು ಅವಳು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಳು. ನಂತರ ಹೊಸ ಪುಸ್ತಕವನ್ನು ಕೊನೆಯ ಹಾಳೆಗೆ ತೆರೆದಿಟ್ಟು, ಎದ್ದು ಮೇಜಿನ ಖಾನೆ ಎಳೆದಳು. ಸ್ಕೇಲು ಸಿಕ್ಕಿತು. ಬ್ಲೇಡಿಗಾಗಿ ಕೈ ತಡಕಾಡಿತು.

"ಏನ್ ಹುಡುಕ್ತಿದ್ದೀಯೇ?" ಎಂದರು ಒಳಗಿನಿಂದ ಮುದ್ದಮ್ಮ.

"ಏನಿಲ್ಲ ಅತ್ತೆ," ಎಂದಳು ಲತಾಮಣಿ.